ನಗುವ ಮೊದಲು ದಿಂಬು

ಭಾನುವಾರ, ೧೮ನೇ ತಾರೀಖು

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನೀವಿಬ್ಬರೂ ಬಂದುಹೋದ ಮೇಲೆ ಕಾಗದ ಬರೆಯುತ್ತೇನೆಂದು ಹೇಳಿ ಇಷ್ಟು ದಿನ ಸುಮ್ಮನಿದ್ದೆ, ಬೇಜಾರು ಮಾಡಿಕೊಳ್ಳಬೇಡ. ಫೋನಿರುವಾಗ ಕಾಗದವೇಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾನು ಎರಡನೇ ಪ್ರಶ್ನೆ ಕೇಳುವಷ್ಟರಲ್ಲಿ ನಿನ್ನ ಮನೆ ಬಾಗಿಲು ಯಾರೋ ಬಡಿಯುತ್ತಾರೆ. ಕಾಗದವನ್ನಾದರೆ ಕೊನೆತನಕ ಓದುತ್ತೀ.

ನಮ್ಮ ವಾರ್ಡಿನಲ್ಲಿ ಎಲ್ಲ ಎಂದಿನಂತೆ. ಆಪರೇಷನ್ನಿಗೆ ಹೋಗುವವರನ್ನು ಸಿದ್ಧ ಮಾಡುವುದರಲ್ಲೇ ನನ್ನ ತಲೆ ನರೆತಿದೆ, ಆದರೂ ಜನ ನನಗೆ ಸುಳ್ಳು ಹೇಳುವುದನ್ನು ಬಿಟ್ಟಿಲ್ಲ. ಉಂಗುರ ತೆಗೆಯಿರಿ ಅಂದರೆ ಬೆರಳು ಊದಿದೆ ಅನ್ನುತ್ತಾರೆ. ಕಟ್ಟಿಸಿದ ಹಲ್ಲು ಇದೆಯಾ ಅಂದರೆ ಬಾಯಿ ಮುಚ್ಚಿಕೊಂಡೇ ತಲೆಯಾಡಿಸುತ್ತಾರೆ. ನೀರು ಕುಡಿದಿರಾ ಅಂತ ಕೇಳಿ ನಾನು ಉತ್ತರಕ್ಕೆ ಕಾಯುವುದಿಲ್ಲ, ತುಟಿ ನೋಡುತ್ತೇನೆ. ಚಿಕ್ಕ ನರ್ಸ್‌ಗಳು ಬೆನ್ನ ಹಿಂದೆ ನನ್ನನ್ನು ಪತ್ತೇದಾರಿ ಅಕ್ಕ ಅನ್ನುತ್ತಾರಂತೆ. ಅನ್ನಲಿ. ತುಂಬಿದ ಹೊಟ್ಟೆಯಲ್ಲಿ ಅರಿವಳಿಕೆ ತೆಗೆದುಕೊಂಡರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಆ ಕಣ್ಣನ್ನು ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಟ್ಟು ಒಳಗೆ ಬರಲು ನನಗೆ ಬರುವುದಿಲ್ಲ. ನೀವು ಬಂದ ದಿನ ಅಳಿಯಂದಿರು ಎರಡೂ ಬ್ಯಾಗುಗಳನ್ನು ತಾವೇ ಹೊತ್ತು ಮೆಟ್ಟಿಲು ಹತ್ತಿದರು. ಹಿಂದಿನ ಸಲ ನೀನು ಹೊತ್ತಿದ್ದೆ, ಅವರು ಫೋನ್ ನೋಡುತ್ತ ಹಿಂದೆ ಬಂದಿದ್ದರು. ಆಮೇಲೆ ಟೀಯನ್ನೂ ಅವರೇ ಮಾಡಿದರು. ಸಕ್ಕರೆ ಡಬ್ಬಿ ಎಲ್ಲಿ ಅಂತ ಕೇಳಿದ ದನಿಯಲ್ಲೇ ಏನೋ ತಪ್ಪು ಮಾಡಿದವರ ವಿನಯ. ಇಬ್ಬರಿಗೂ ಜಗಳವಾಗಿದೆ ಅಂದುಕೊಂಡೆ. ನೀನು ಮಂಚದಿಂದ ಹುಷಾರಾಗಿ ಎದ್ದದ್ದು ನೋಡಿ ಸಿಹಿ ಸುದ್ದಿ ಇರಬಹುದೆಂದು ಆಸೆಯನ್ನೂ ಪಟ್ಟೆ. ಅಳಿಯಂದಿರನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿಯೇಬಿಟ್ಟೆ. "ಏನೂ ಇಲ್ಲ ಅತ್ತೆ, ಸ್ವಲ್ಪ ಸುಸ್ತು ಅಷ್ಟೇ," ಅಂದರು. ಅನ್ನುವಾಗ ನನ್ನ ಮುಖ ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ನಿನ್ನ ಮುಖ ನೋಡಿದರು. ಹೇಳಿಕೊಟ್ಟ ಮಾತು ಅಂತ ಆಗಲೇ ಗೊತ್ತಾಯಿತು.

ಮಾರನೇ ದಿನ ಊಟವಾದ ಮೇಲೆ ನಾನು ಆಪರೇಷನ್ನಿಗೆ ಬಂದಿದ್ದ ಆ ಮೇಷ್ಟರ ಕಥೆ ಹೇಳಿದೆನಲ್ಲ, ಮೀಸೆಯ ತುಂಬ ಬಿಸ್ಕತ್ತಿನ ಪುಡಿ ಇಟ್ಟುಕೊಂಡು "ಏನೂ ತಿಂದಿಲ್ಲಮ್ಮ" ಅಂದವರದು. ಕನ್ನಡಿ ಹಿಡಿದರೆ, "ನೀವು ತಿಂಡಿ ತಿಂದ್ರಾ ಅಂತ ಕೇಳಿದ್ರಿ. ಬಿಸ್ಕತ್ತು ತಿಂಡಿ ಹೇಗಾಗುತ್ತೆ?" ಅಂತ ನನಗೇ ಪಾಠ ಮಾಡಿದರು. ಅಳಿಯಂದಿರು ಬಿದ್ದು ಬಿದ್ದು ನಕ್ಕರು. ನೀನು "ಅಮ್ಮಾ, ನಗಿಸ್ಬೇಡ" ಅನ್ನುತ್ತ ಪಕ್ಕದ ದಿಂಬು ಎಳೆದು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡೆ. ಆಮೇಲೆ ನಕ್ಕೆ.

ಪುಟ್ಟಿ, ದಿಂಬನ್ನು ಹಾಗೆ ಯಾರೂ ತಾವಾಗಿ ಹಿಡಿಯುವುದಿಲ್ಲ. ಹೊಟ್ಟೆಯ ಆಪರೇಷನ್ ಆಗುವ ಪ್ರತಿಯೊಬ್ಬರಿಗೂ ನಾನು ಹಿಂದಿನ ದಿನವೇ ಹೇಳಿಕೊಡುತ್ತೇನೆ: ಕೆಮ್ಮು ಬಂದರೆ, ನಗು ಬಂದರೆ, ಮೊದಲು ದಿಂಬು ಒತ್ತಿಕೊಳ್ಳಿ, ಹೊಲಿಗೆಗೆ ಆಸರೆ ಸಿಗುತ್ತದೆ. ಏಳುವಾಗ ನೇರ ಏಳಬೇಡಿ, ಮಗ್ಗುಲಾಗಿ ಕಾಲು ಇಳಿಬಿಟ್ಟು ಕೈ ಊರಿ ಏಳಿ. ನೀನು ಮಂಚದಿಂದ ಎದ್ದದ್ದು ಥೇಟ್ ಹಾಗೆಯೇ. ನಾನು ಏನೂ ಕಾಣದವಳ ಹಾಗೆ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ನಲ್ಲಿ ಜೋರಾಗಿ ತಿರುಗಿಸಿಟ್ಟು ಅತ್ತುಬಿಟ್ಟೆ.

ಏನು ತೆಗೆದರು? ಅಪೆಂಡಿಕ್ಸೋ, ಪಿತ್ತಕೋಶವೋ, ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಿಲ್ಲದ ಇನ್ನೇನೋ? ಇಲ್ಲಿಗೆ ಬರುವ ಮುಂಚೆ ಒಂದು ಸಲ ಆಫೀಸಿನ ಕೆಲಸವೆಂದು ಬೇರೆ ಊರಿಗೆ ಹೋಗಿದ್ದೇನೆ ಅಂದೆಯಲ್ಲ, ಆಗಲೇ ಇರಬೇಕು. ನನಗೆ ಗಾಬರಿಯಾಗದಿರಲೆಂದು ಮುಚ್ಚಿಟ್ಟೆಯೋ, ಅಥವಾ ಅಮ್ಮ ಬಂದರೆ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರನ್ನೂ ವಿಚಾರಣೆ ಮಾಡುತ್ತಾಳೆ ಅಂತಲೋ? ಎರಡನೆಯದೇ ಇರಬೇಕು. ನನಗೆ ಕೋಪ ಬಂದಿದೆ, ಇಲ್ಲ ಅನ್ನುವುದಿಲ್ಲ. ಅಳಿಯಂದಿರ ಮೇಲೂ ಬಂದಿದೆ. ಟೀ ಚೆನ್ನಾಗಿತ್ತು, ಅದನ್ನೂ ಅವರಿಗೆ ಹೇಳು.

ಭಾರ ಎತ್ತಬೇಡ, ನೀರಿನ ಬಕೆಟ್ ಕೂಡ. ಗಾಯದ ಸುತ್ತ ಕೆಂಪಾದರೆ, ಜ್ವರ ಬಂದರೆ ನನಗೆ ಹೇಳದಿದ್ದರೂ ಡಾಕ್ಟರಿಗೆ ಹೇಳು. ಹೊಲಿಗೆ ಚೆನ್ನಾಗಿ ಕೂಡಲಿ, ಆದಷ್ಟು ಬೇಗ ಬರಿಗೈಯಲ್ಲಿ ನಗುವ ಹಾಗಾಗು ಮಗಳೇ.

ಇಂತಿ ನಿನ್ನ,
ಅಮ್ಮ

ಮತ್ತೊಂದು ಮಾತು: ಆಪರೇಷನ್ ಮುಗಿಸಿ ಕರೆತಂದಾಗ, ಇನ್ನೂ ಕಣ್ಣು ಬಿಡುವ ಮುಂಚೆ, ಹೆಚ್ಚಿನವರು ಅಮ್ಮಾ ಅನ್ನುತ್ತಾರೆ. ಮೊಮ್ಮಕ್ಕಳಿರುವ ಗಂಡಸರೂ ಅನ್ನುತ್ತಾರೆ. ಹತ್ತಿರದಲ್ಲಿದ್ದರೆ ನಾನೇ ಕೈ ಹಿಡಿದು "ಇಲ್ಲೇ ಇದ್ದೀನಪ್ಪ" ಅನ್ನುತ್ತೇನೆ. ಅದು ನನ್ನ ಕೆಲಸಕ್ಕೆ ಸೇರಿದ್ದಲ್ಲ, ಆದರೂ ಇಷ್ಟು ವರ್ಷ ಕಂಡವರ ಮಕ್ಕಳಿಗೆಲ್ಲ ಓಗೊಟ್ಟಿದ್ದೇನೆ. ನೀನೂ ಕರೆದಿರುತ್ತೀ. ಏನು ತೆಗೆದರೆಂದು ಬರೆಯಲು ಇಷ್ಟವಿಲ್ಲದಿದ್ದರೆ ಬಿಡು. ಓಗೊಟ್ಟವರು ಯಾರು ಅಂತ ಅದೊಂದನ್ನು ಬರೆ.