ಬಂತು ಅಲ್ಲ, ಬಂದರು

೧೪ ಜೂನ್, ಭಾನುವಾರ

ಮುದ್ದು ಪುಟ್ಟೀ,

ನಾವಿಬ್ಬರೂ ಕ್ಷೇಮ. ಉತ್ತರ ತಡವಾಯಿತೆಂದು ಬೈಯಬೇಡ. ಬಲಗೈ ಇನ್ನೂ ಮುಷ್ಕರ ಹೂಡಿದೆ, ಎಡಗೈ ಈಗಷ್ಟೇ ಅಕ್ಷರ ಕಲಿಯುತ್ತಿದೆ. ಎಲ್ಲಾ ಕಾಗೆ ಕಾಲು, ಗುಬ್ಬಿ ಕಾಲು. ಅಚ್ಚುಕೂಟದಲ್ಲಿ ಕೂತು ಕಂಡಕಂಡವರ ಕರಡು ತಿದ್ದಿದವಳಿಗೆ ತಕ್ಕ ಶಾಸ್ತಿ!

ಕಳೆದ ಸಲ ನೀನು ಬಂದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೇಕೆ ಎಂದು ಕೇಳಿದ್ದೀಯ. ಹೇಳುತ್ತೇನೆ, ತಾಳು.

ಪಾರ್ಶ್ವವಾಯು ಬಡಿದು ಮಾತು ಹೋದಾಗ, ನನಗೇನೂ ತಿಳಿಯುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ನನಗೋ ಎಲ್ಲವೂ ಕೇಳುತ್ತಿತ್ತು. ಡಾಕ್ಟರು ನನ್ನನ್ನು ದಾಟಿ ನಿನ್ನ ಭಾವನನ್ನು, "ಊಟ ಸೇರುತ್ತಾ ಇವರಿಗೆ?" ಎಂದು ಕೇಳಿದರೆ ಅವರು, "ಅವಳನ್ನೇ ಕೇಳಿ ಸಾರ್. ನಾನು ಹೇಳಿದ್ರೆ ಸಿಟ್ಟಾಗ್ತಾಳೆ" ಎನ್ನುತ್ತಿದ್ದರು. ಪುಣ್ಯಾತ್ಮ ದಿನವೂ ನನ್ನೊಡನೆ ಜಗಳವಾಡಿದರು. "ಫ್ಯಾನ್ ಜೋರಾಯ್ತಾ? ಆರಿಸ್ಬೇಕಾ? ನನಗೆ ಸೆಕೆ ಕಣೇ!" ನನ್ನ ಪಾಲಿನ ಮಾತನ್ನೂ ತಾವೇ ಆಡಿ, ಕೊನೆಗೆ ತಾವೇ ಸೋತು ಫ್ಯಾನ್ ಆರಿಸುತ್ತಿದ್ದರು. ಆಗ, ನಾನಿದ್ದೇನೆ ಅನ್ನಿಸುತ್ತಿತ್ತು. ನಮ್ಮ ಉತ್ತರಕ್ಕೆ ಯಾರೂ ಕಾಯದೆ ಹೋದರೆ ನಾವಿರುವುದು ನಮಗೇ ಅನುಮಾನವಾಗುತ್ತದೆ, ಪುಟ್ಟಿ.

ನಿನಗೆ ಮಾತು ಕಲಿಸಿದವಳು ನಾನು, ನೆನಪಿದೆಯಾ? ನೀನು ಬಾಗಿಲಲ್ಲಿ ನಿಂತು "ಅಪ್ಪ ಬಂತು! ಅಪ್ಪ ಬಂತು!" ಎಂದು ಕುಣಿಯುತ್ತಿದ್ದೆ. "ಬಂತು ಅಲ್ಲ ಕಣೇ, ಬಂದರು. ಬಸ್ಸು ಬರುತ್ತೆ, ಅಪ್ಪ ಬರ್ತಾರೆ" ಎಂದು ನಾನು ತಿದ್ದುತ್ತಿದ್ದೆ. ಅಪ್ಪ ಮಾತ್ರ, "ಬಿಡೇ, ಬಸ್ಸಲ್ಲೇ ತಾನೇ ಬಂದಿದ್ದು" ಎಂದು ನಗುತ್ತಿದ್ದರು.

ಹೊಸ ಕೆಲಸದ ಗಡಿಬಿಡಿಯಲ್ಲಿ ಊಟ ಬಿಡಬೇಡ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಎಷ್ಟೇ ಮುನಿದರೂ ಈ ಹಾರೈಕೆಗೆ ಮುನಿಸಿಲ್ಲ.

ನಿನ್ನ
ಅಕ್ಕ

ತಾ.ಕ.: ಆಸ್ಪತ್ರೆಯಲ್ಲಿ ಒಂದು ದಿನ ನೀನು ನನ್ನ ತಲೆ ಬಾಚುತ್ತಾ ಫೋನಿನಲ್ಲಿ ಮಾತಾಡುತ್ತಿದ್ದೆ. ಅತ್ತ ಕಡೆಯವರು ನನ್ನ ವಿಷಯ ಕೇಳಿರಬೇಕು. "ಅಕ್ಕನಾ? ಹೂಂ, ಅದಿನ್ನೂ ಇದೆ" ಎಂದೆ ನೀನು. ನಿನ್ನ ಬಾಚಣಿಗೆ ಒಂದು ಕ್ಷಣವೂ ನಿಲ್ಲಲಿಲ್ಲ. ಮಕ್ಕಳನ್ನು ಮುದ್ದಿಗೆ ಹಾಗೆ ಕರೆಯುವುದುಂಟಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ನಿನ್ನ ದನಿಯಲ್ಲಿ ಮುದ್ದು ಇರಲಿಲ್ಲ. "ಇದೆ ಅಲ್ಲ ಕಣೇ, ಇದ್ದಾಳೆ" ಎಂದು ಅಂದಿನಿಂದ ಮನಸ್ಸಿನಲ್ಲೇ ತಿದ್ದುತ್ತಿದ್ದೇನೆ. ಬೇರೆಯವರು ಅಂದಿದ್ದರೆ ತಿದ್ದಿ ಮರೆಯುತ್ತಿದ್ದೆ. ಮತ್ತೆ ಬರುವುದಾದರೆ ಬಾಗಿಲಲ್ಲೇ ನಿಂತು, "ಅಕ್ಕಾ, ಇದ್ದೀಯಾ?" ಎಂದು ಕೇಳು. ನನ್ನ ಮಾತು ಈಗ ನಿಧಾನ. ಉತ್ತರ ಬರುವವರೆಗೆ ಒಳಗೆ ಕಾಲಿಡಬೇಡ.