ಸೀಮೆಹುಣಸೆ ಬೀಜ ತೊಳೆದ ಮಹನೀಯರಿಗೆ

ಹಗರಿ ಹೊಳೆ ದಂಡೆ
ಕ್ರಿ.ಶ. 2291, ಹದಿಮೂರನೆಯ ತಿಂಗಳ ಐದನೆಯ ದಿನ

ಹಿರಿಯರೇ,

ಹದಿಮೂರನೆಯ ತಿಂಗಳೇ ಎಂದು ಹುಬ್ಬೇರಿಸಬೇಡಿ. ಬೇಸಿಗೆ ನಿಮ್ಮ ಹನ್ನೆರಡರಲ್ಲಿ ಹಿಡಿಸಲಿಲ್ಲ, ಇನ್ನೊಂದನ್ನು ಸೇರಿಸಿಕೊಂಡೆವು. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ನಮ್ಮಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟು ಕಂಡರೆ ಕ್ಷಮಿಸಬೇಕಾಗಿಲ್ಲ, ಅದು ಬೇಕೆಂದೇ ಬರೆದದ್ದು.

ನನ್ನ ಹೆಸರು ಹುಲಿಗೆಮ್ಮ. ಕಸುಬು ನೆಲಸೂಲಗಿತ್ತಿಯದು, ಸತ್ತ ಮಣ್ಣಿಗೆ ಜೀವ ತರಿಸುವುದು. ನಮ್ಮ ದಂಡೆಯ ನೆಲ ಉಪ್ಪೆದ್ದು ಬೆಳ್ಳಗಾಗಿ ಮೂರು ತಲೆಮಾರಾಯಿತು. ಇಲ್ಲಿನ ನಲವತ್ತು ಮನೆಯವರು ದಿನಾ ಅಂಗಳದ ಉಪ್ಪು ಗುಡಿಸಿಯೇ ಒಲೆ ಹಚ್ಚುತ್ತೇವೆ, ತೊಟ್ಟಿಯಲ್ಲಿ ಬೆಳೆಸಿದ ಪಾಚಿಯ ಹಿಟ್ಟಿನಿಂದ ರೊಟ್ಟಿ ತಟ್ಟುತ್ತೇವೆ. ಇಂಥ ನೆಲದಲ್ಲೂ ನಿಲ್ಲುವ, ಗಾಳಿಯಿಂದಲೇ ಗೊಬ್ಬರ ಮಾಡಿಕೊಳ್ಳುವ, ಮೇಲೆ ತಿನ್ನಲು ಹಣ್ಣನ್ನೂ ಕೊಡುವ ಸೀಮೆಹುಣಸೆ ಎಂಬ ಮರವೊಂದಿತ್ತೆಂದು ನಿಮ್ಮ ಪುಸ್ತಕದಲ್ಲಿ ಓದಿದೆ. ಮುಂದಿನವರಿಗೆಂದು ನೀವು ಬೀಜ ಕಾಪಿಟ್ಟ ತಣ್ಣನೆಯ ಉಗ್ರಾಣದಿಂದ ಅದರ ಬೀಜದ ಪೆಟ್ಟಿಗೆ ತಂದೆ. ಅದರ ಚೀಟಿಯಲ್ಲಿ ಮೂರು ಬಾರಿ ತೊಳೆದದ್ದು, ಔಷಧಿ ಲೇಪಿಸಿದ್ದು, ಮಣ್ಣಿನ ಕಣವೂ ಇಲ್ಲದ್ದು ಎಂದು ಬರೆದಿತ್ತು. ಜೊತೆಗೆ ಬಿಳಿ ಕೈಗವಸು ತೊಟ್ಟು ನಗುತ್ತಿರುವ ನಿಮ್ಮ ಫೋಟೊ ಬೇರೆ.

ಬೀಜವೇನೋ ಮೊಳೆಯಿತು. ಗಿಡಗಳು ಎದೆಮಟ್ಟಕ್ಕೆ ಬಂದು ನಿಂತೇಬಿಟ್ಟವು. ಹನ್ನೊಂದು ವರ್ಷದಿಂದ ಎಲೆ ಹಳದಿ, ಒಂದು ಹಣ್ಣಿಲ್ಲ. ಬೇರು ಬಗೆದು ನೋಡಿದರೆ ನುಣ್ಣಗಿದೆ. ಅಲ್ಲಿ ಸಾಸಿವೆಯಂಥ ಗಂಟುಗಳಿರಬೇಕಿತ್ತು. ಗಾಳಿಯನ್ನು ಗೊಬ್ಬರ ಮಾಡುವುದು ಆ ಗಂಟಿನೊಳಗಿನ ಜೀವಾಣುಗಳೇ ಹೊರತು ಮರವೊಂದೇ ಅಲ್ಲ. ಅವು ಇದ್ದದ್ದು ನೀವು ಕೊಳೆಯೆಂದು ಚರಂಡಿಗೆ ಬಿಟ್ಟ ಮಣ್ಣಿನಲ್ಲಿ. ಅಷ್ಟೊಂದು ಓದಿದವರು ನೀವು, ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ನಿನ್ನೆ ನೀರು ಹಂಚುವ ಜಡೆಪ್ಪ ಬಂದು ತಲೆ ತಗ್ಗಿಸಿ ನಿಂತ. "ಅಕ್ಕಾ, ನಿನ್ನ ಮಾತಿಗೆ ಹನ್ನೊಂದು ವರ್ಷ ಕಾದೀವಿ. ಈ ತಿಂಗಳು ದಾಟಿದ್ರ ಗಿಡಕ್ಕ ನೀರಿಲ್ಲ" ಅಂದ. ಅವನದೇನೂ ತಪ್ಪಿಲ್ಲ, ಕುಡಿಯುವ ನೀರಿಗೇ ತತ್ವಾರ. ಆದರೆ ಗಿಡ ಒಣಗಿದ ಮೇಲೆ ನಾವೂ ಈ ದಂಡೆ ಬಿಟ್ಟು ಹೋಗಬೇಕು.

ಉಗ್ರಾಣದಲ್ಲಿ ನಿಮ್ಮ ಇನ್ನೊಂದು ಪೆಟ್ಟಿಗೆ ತೆರೆಯದೆ ಉಳಿದಿದೆ. ಈ ಓಲೆ ತಲುಪುವ ನಿಮ್ಮ ಕಾಲದಲ್ಲಿ ಅದಕ್ಕೆ ಇನ್ನೂ ಮುಚ್ಚಳ ಹಾಕಿಲ್ಲ. ಹೊಲದ ಬೇಲಿಯಲ್ಲಿ, ಬಸ್ ನಿಲ್ದಾಣದ ಹಿಂದೆ ಆ ಮುಳ್ಳಿನ ಮರ ತಾನಾಗಿಯೇ ಬೆಳೆದಿರುತ್ತದಂತೆ. ಅದರ ಬುಡಕ್ಕೆ ಹೋಗಿ. ಬೇರಿನ ಸುತ್ತಲಿನ ಮಣ್ಣು ಒಂದು ಬೊಗಸೆ ತೆಗೆದು ಬೀಜದ ಪಕ್ಕದಲ್ಲಿಡಿ. ಜರಡಿ ಹಿಡಿಯಬೇಡಿ, ಔಷಧಿ ಹಾಕಬೇಡಿ, ನಿಮ್ಮ ದಮ್ಮಯ್ಯ.

ನಾಳೆ ಬೆಳಿಗ್ಗೆ ಎಲ್ಲರೆದುರು ಆ ಪೆಟ್ಟಿಗೆ ತೆರೆಯುತ್ತೇನೆ. ನನ್ನ ಕೈ ಮಣ್ಣಾಗಬೇಕು.

ಹುಲಿಗೆಮ್ಮ