ಕುಕ್ಕರ್ ಕೂಗಿದ ಹಾಡು

ಮಾರ್ಚ್ ೧೪, ಗುರುವಾರ

ಭಾನುವಾರದ ಚಿತ್ರವಿಮರ್ಶೆಯಲ್ಲಿ, ಎರಡನೇ ಹಾಡಿನ ಕೊಳಲು ಕುಕ್ಕರ್ ಕೂಗಿದಂತಿದೆ ಎಂದು ಗೇಲಿ ಮಾಡಿದ್ದೆ. ಇವತ್ತು ಸಂಗೀತ ನಿರ್ದೇಶಕರೇ ಫೋನ್ ಮಾಡಿದರು. ಬೈಸಿಕೊಳ್ಳಲು ಸಿದ್ಧನಾಗಿ ಕುಳಿತೆ.

“ಅದು ಕುಕ್ಕರೇ ಸ್ವಾಮಿ. ಕೊಳಲಿನವರು ಕೈಕೊಟ್ರು, ನಮ್ಮನೆ ಅಡುಗೆಮನೇಲೇ ರೆಕಾರ್ಡ್ ಮಾಡ್ದೆ. ಎಲ್ಲರೂ ಕೊಳಲು ಅಂತ ಹೊಗಳಿದ್ರು. ಕಿವಿಗೊಟ್ಟು ಕೇಳಿದ್ದು ನೀವೊಬ್ರೇ. ಮುಂದಿನ ಚಿತ್ರಕ್ಕೆ ಒಂದು ಹಾಡು ಬರ್ಕೊಡಿ.”

ಆಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಅಕ್ಕನಿಗೆ ಹೇಳಿದರೆ, “ಹನ್ನೆರಡು ವರ್ಷ ಊರವರ ಹಾಡಲ್ಲೆಲ್ಲ ಹುಳುಕು ಹುಡುಕಿದ್ಯಲ್ಲ, ಈಗ ನೀನೇ ಬರಿ ನೋಡೋಣ” ಎಂದಳು.

ಊಟ ಬಿಟ್ಟು ಕುಳಿತು ಪಲ್ಲವಿ ಬರೆದೆ. ಬೇರೆ ಯಾರಾದರೂ ಇದನ್ನು ಬರೆದಿದ್ದರೆ ಭಾನುವಾರ ಅವರ ಚರ್ಮ ಸುಲಿಯುತ್ತಿದ್ದೆ. ಹೊಡೆದುಹಾಕೋಣವೆಂದು ಪೆನ್ನು ಎತ್ತಿದವನು ಐದನೇ ಸಲ ಅದನ್ನೇ ಗುನುಗುತ್ತಿದ್ದೇನೆ.